ಊರಿನ ಕುಡಿಯುವ ನೀರಿನಲ್ಲಿ ಕ್ಲೋರಿನ್ನಿನ ಪ್ರಮಾಣವನ್ನು ಕಾಯ್ದುಕೊಳ್ಳುವ ಕ್ರಮ

(ನಂದಗಡ ಮತ್ತು ಸುತ್ತಣ ಗ್ರಾಮಗಳ ಜಮೀನುದಾರರಿಗೂ ಊರಿನ ಮುಖಂಡರಿಗೂ ಉದ್ದೇಶಿಸಿದ ಉಪನ್ಯಾಸ)



ಖಾನಾಪುರ ತಾಲ್ಲೂಕಿಗೆ ಮಳೆಗಾಲವು ಹೇಗೆ ಬರುತ್ತದೆಂಬುದನ್ನು ನಂದಗಡದ ರೈತರಿಗೆ ಯಾರೂ ತಿಳಿಸಿಕೊಡಬೇಕಾದುದಿಲ್ಲ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಕಡೆಯಿಂದ ಮೋಡಗಳು ಸಾಲಾಗಿ ಇಳಿದು ಬಂದು, ಜೂನ್ ತಿಂಗಳ ಮೊದಲ ದೊಡ್ಡ ಮಳೆಯು ಬಿದ್ದೊಡನೆಯೇ, ಬೇಸಗೆಯುದ್ದಕ್ಕೂ ನೆಲದ ಮೇಲೆ ಸೇರಿದ್ದ ಧೂಳು, ಸಗಣಿ, ತಿಪ್ಪೆಯ ರಸ, ಬಯಲುಕಡೆಯ ಹೊಲಸು ಇವೆಲ್ಲವೂ ಕೆಂಪು ಮಣ್ಣಿನೊಡನೆ ಕಲೆತು ಹಳ್ಳಕ್ಕೂ ಬಾವಿಗೂ ಹರಿದುಬರುತ್ತವೆ. ಭತ್ತದ ಗದ್ದೆಗೆ ಈ ಕೆಂಪು ನೀರು ಬಂದರೆ ಒಕ್ಕಲಿಗನು ಸಂತೋಷಪಡುತ್ತಾನೆ. ಅದೇ ನೀರು ಮನೆಯ ಕೊಡಕ್ಕೆ ಬಂದರೆ ಮಕ್ಕಳೂ ಮುದುಕರೂ ಹಾಸಿಗೆ ಹಿಡಿಯುತ್ತಾರೆ.

ಅಂಥ ವಾರದಲ್ಲಿ ಬಹುಮಟ್ಟಿಗೆ ಎಲ್ಲ ಗ್ರಾಮಗಳಲ್ಲಿಯೂ ನಡೆಯುವ ಸಂಗತಿಯು ಒಂದೇ ಆಗಿದೆ. ನೀರುಗಂಟಿಯು ಟಾಕಿಯನ್ನು ಹತ್ತಿ, ಕೈಗೆ ಬಂದಷ್ಟು ಬ್ಲೀಚಿಂಗ್ ಪುಡಿಯನ್ನು ಸುರಿಯುತ್ತಾನೆ. ಟಾಕಿಯ ಹತ್ತಿರದ ಓಣಿಯವರು ನೀರು ಔಷಧದ ವಾಸನೆ ಹೊಡೆಯುತ್ತದೆಂದು ಪಂಚಾಯತಿಗೆ ಬಂದು ಕೂಗಾಡುತ್ತಾರೆ. ಮುಖಂಡರು ಅವರನ್ನು ಸಮಾಧಾನಪಡಿಸುವುದಕ್ಕಾಗಿ ಪುಡಿಯನ್ನು ನಿಲ್ಲಿಸಿಬಿಡುತ್ತಾರೆ. ಊರಿನ ಕೊನೆಯ ಕೇರಿಯವರಿಗಾದರೋ ವಾಸನೆಯು ಮೊದಲ ದಿನವೂ ಬಂದಿರಲಿಲ್ಲ, ಕ್ಲೋರಿನ್ನೂ ಬಂದಿರಲಿಲ್ಲ. ಹತ್ತು ದಿನಗಳ ಮೇಲೆ ವಾಂತಿಭೇದಿಯು ಆ ಕೇರಿಯಲ್ಲಿಯೇ ಮೊದಲು ಕಾಣಿಸಿಕೊಂಡರೆ ಅದನ್ನು ದೈವದ ಕೋಪವೆಂದು ಎಣಿಸುವುದಕ್ಕೆ ಕಾರಣವಿಲ್ಲ.

ಈ ಭಯವು ಕಲ್ಪಿತವಾದುದಲ್ಲ. ಇದೇ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ 2022ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಕಲುಷಿತವಾದ ನೀರನ್ನು ಕುಡಿದು ಅನೇಕರು ಅಸ್ವಸ್ಥರಾದರು, ಪ್ರಾಣಹಾನಿಯೂ ಆಯಿತು. ಮರುವರ್ಷ, ಎಂದರೆ 2023ರಲ್ಲಿ, ಚಿತ್ರದುರ್ಗದ ಮಗ್ಗುಲಲ್ಲಿರುವ ಕವಾಡಿಗರಹಟ್ಟಿಯಲ್ಲಿ ಅದೇ ಬಗೆಯ ದುಃಖವು ಸಂಭವಿಸಿತು. ಕೊಳವೆಗಳು ಬಂದಿವೆ, ಮನೆಮನೆಗೆ ನಳಗಳು ಬಂದಿವೆ. ಆದರೆ ಮನೆಯ ಬಾಗಿಲಿಗೆ ಬಂದುದರಿಂದಲೇ ನೀರು ಶುದ್ಧವಾಯಿತೆಂದು ತಿಳಿಯುವುದು ದೊಡ್ಡ ತಪ್ಪು. ಹಿಂದಿನ ಕಾಲದಲ್ಲಿ ಒಂದು ಬಾವಿಯು ಕೆಟ್ಟರೆ ಆ ಬಾವಿಯನ್ನು ಸೇದುವವರಿಗೆ ಮಾತ್ರ ರೋಗ ಬರುತ್ತಿದ್ದಿತು; ಈಗ ಒಂದು ಟಾಕಿಯು ಕೆಟ್ಟರೆ ಊರಿಗೆ ಊರೇ ಮಲಗುತ್ತದೆ.

ಬಾವಿಗೆ ಔಷಧ ಹಾಕುವ ಪದ್ಧತಿಯು ಈ ನಾಡಿಗೆ ಹೊಸದಲ್ಲ. ಕಾಲರಾ ಬಂದಾಗ ಬಾವಿಯ ನೀರು ನಸುಗೆಂಪಾಗುವವರೆಗೆ ಪೊಟ್ಯಾಸಿಯಂ ಪರ್ಮ್ಯಾಂಗನೇಟನ್ನು ಹಾಕುತ್ತಿದ್ದುದನ್ನು ಹಿರಿಯರು ಕೇಳಿ ಬಲ್ಲರು. ಅದು ಕಾಲರಾದ ಕ್ರಿಮಿಗೆ ಸ್ವಲ್ಪಮಟ್ಟಿಗೆ ಉಪಯುಕ್ತವಾಗಿದ್ದರೂ ಇತರ ಕ್ರಿಮಿಗಳಿಗೆ ನೆಚ್ಚತಕ್ಕುದಲ್ಲವೆಂದು ಕಂಡುಬಂದುದರಿಂದ ಬಳಕೆ ತಪ್ಪಿತು. ಕ್ಲೋರಿನ್ನಾದರೋ 1905ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಟೈಫಾಯಿಡ್ ಹಬ್ಬಿದಾಗ ಊರಿನ ನೀರಿಗೆಲ್ಲ ಬೆರೆಸಲ್ಪಟ್ಟಿತು. 1908ರಲ್ಲಿ ಅಮೆರಿಕದ ಜೆರ್ಸಿ ಪಟ್ಟಣವು ಅದನ್ನು ನಿತ್ಯದ ಕ್ರಮವನ್ನಾಗಿ ಮಾಡಿಕೊಂಡಿತು. ಅಂದಿನಿಂದ ಇದಕ್ಕಿಂತ ಅಗ್ಗವೂ ಸುಲಭವೂ ಆದ ಉಪಾಯವು ಹಳ್ಳಿಗಳಿಗೆ ದೊರಕಿಲ್ಲ.

ಹಾಗಾದರೆ ಪುಡಿಯನ್ನು ಎಷ್ಟು ಹಾಕಬೇಕು? ಪ್ರಶ್ನೆಯನ್ನು ಹೀಗೆ ಕೇಳುವುದೇ ಎಡವಟ್ಟಿಗೆ ಮೂಲವಾಗಿದೆ. ಕೇಳಬೇಕಾದುದು, ಕೊನೆಯ ನಳದಲ್ಲಿ ಎಷ್ಟು ಉಳಿಯಬೇಕು ಎಂಬುದನ್ನು. ಒಣಗಿದ ಕಾಲುವೆಗೆ ನೀರು ಬಿಟ್ಟಾಗ ಆಗುವುದನ್ನು ರೈತರು ಬಲ್ಲರು. ಮೊದಲು ಕಾಲುವೆಯ ಮಣ್ಣೇ ತನ್ನ ಪಾಲನ್ನು ಹೀರಿಕೊಳ್ಳುತ್ತದೆ. ಅದು ತಣಿದ ಮೇಲೆಯೇ ತುದಿಯ ಗದ್ದೆಗೆ ನೀರು ಮುಟ್ಟುತ್ತದೆ. ತೂಬಿನಲ್ಲಿ ಬಿಟ್ಟ ನೀರನ್ನು ಅಳೆದು ತುದಿಯ ಗದ್ದೆಯು ನೆನೆಯಿತೆಂದು ಹೇಳುವವನನ್ನು ಯಾವ ಒಕ್ಕಲಿಗನೂ ನಂಬುವುದಿಲ್ಲ. ಕ್ಲೋರಿನ್ನಿನ ವಿಷಯವೂ ಹೀಗೆಯೇ. ನೀರಿನಲ್ಲಿರುವ ಕೊಳೆತ ಎಲೆಯ ಅಂಶ, ಮಣ್ಣು, ಕಬ್ಬಿಣದ ಅಂಶ, ಗೊಬ್ಬರದಿಂದ ಬಂದ ಅಮೋನಿಯಾ, ಕೊಳವೆಯೊಳಗಿನ ಪಾಚಿ ಇವೆಲ್ಲವೂ ತಮ್ಮ ತಮ್ಮ ಪಾಲನ್ನು ತಿಂದುಬಿಡುತ್ತವೆ. ಹಾಗೆ ತಿಂದು ಮಿಕ್ಕುದಕ್ಕೆ ಉಳಿಕೆ ಕ್ಲೋರಿನ್ ಎಂದು ಹೆಸರು. ದಾರಿಯಲ್ಲಿ ಹೊಸದಾಗಿ ಸೇರುವ ರೋಗಾಣುಗಳನ್ನು ಕೊಲ್ಲತಕ್ಕುದು ಈ ಉಳಿಕೆಯೇ ಹೊರತು ಟಾಕಿಗೆ ಸುರಿದ ಪುಡಿಯ ತೂಕವಲ್ಲ.

ಭಾರತೀಯ ಮಾನಕ ಬ್ಯೂರೋದವರು 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಂತೆ, ಬಳಸುವವರ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರತಕ್ಕದ್ದು. 1 ಮಿಲಿಗ್ರಾಂವರೆಗೆ ಇರಬಹುದು. ಸಾಂಕ್ರಾಮಿಕದ ಭಯವಿರುವಾಗ 0.5 ಮಿಲಿಗ್ರಾಂ ಇರುವುದು ಯುಕ್ತವು. ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಸಾವಿರ ಲೀಟರಿಗೆ ಒಂದು ಗ್ರಾಂ; ಈ ಲೆಕ್ಕವನ್ನು ನೆನಪಿನಲ್ಲಿಟ್ಟರೆ ಮಿಕ್ಕುದೆಲ್ಲವೂ ಸುಲಭ.

ತಮ್ಮ ಊರಿನ ನೀರು ಎಷ್ಟು ಕ್ಲೋರಿನ್ನನ್ನು ತಿನ್ನುತ್ತದೆಂಬುದನ್ನು ಬಕೆಟ್ಟುಗಳಿಂದಲೇ ಗೊತ್ತುಮಾಡಬಹುದು. ನೂರಕ್ಕೆ 30 ಭಾಗ ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪುಡಿಯನ್ನು 33 ಗ್ರಾಂ ತೂಗಿ, ಒಂದು ಲೀಟರು ನೀರಿನಲ್ಲಿ ಕಲಸಿ, ಸುಣ್ಣವು ತಳಕ್ಕೆ ಕೂಡುವವರೆಗೆ ಬಿಟ್ಟು, ಮೇಲಣ ತಿಳಿಯನ್ನು ಬಸಿದುಕೊಳ್ಳಬೇಕು. ಈ ತಿಳಿಯ ಒಂದು ಮಿಲಿಲೀಟರಿನಲ್ಲಿ ಸುಮಾರು 10 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ಹತ್ತು ಹತ್ತು ಲೀಟರು ಹಿಡಿಯುವ ನಾಲ್ಕು ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಊರಿನ ನೀರನ್ನು ತುಂಬಿ, ಔಷಧದ ಅಂಗಡಿಯಲ್ಲಿ ಸಿಕ್ಕುವ ಸಿರಿಂಜಿನಿಂದ ಮೊದಲನೆಯದಕ್ಕೆ 1, ಎರಡನೆಯದಕ್ಕೆ 2, ಹೀಗೆಯೇ 3, 4 ಮಿಲಿಲೀಟರು ತಿಳಿಯನ್ನು ಹಾಕಿ ಕಲಕಿ, ಮುಚ್ಚಿಟ್ಟು, ಅರ್ಧ ಗಂಟೆಯ ಮೇಲೆ ಪರೀಕ್ಷಿಸಬೇಕು. ಯಾವ ಬಕೆಟ್ಟಿನಲ್ಲಿ ಸುಮಾರು 0.5 ಮಿಲಿಗ್ರಾಂ ಉಳಿದಿರುವುದೋ ಅದೇ ಆ ದಿನದ ಪ್ರಮಾಣ. ಮಾಘಮಾಸದಲ್ಲಿ ಮೊದಲ ಬಕೆಟ್ಟೇ ಸಾಕಾಗುವ ಊರಿಗೆ ಆಷಾಢದಲ್ಲಿ ಮೂರನೆಯದು ಬೇಕಾಗಬಹುದು. ಆದುದರಿಂದ ವರ್ಷವೆಲ್ಲ ಒಂದೇ ಅಳತೆ ಎಂಬ ಮಾತು ಸಲ್ಲದು.

ಎರಡನೆಯ ಬಕೆಟ್ಟು ಸರಿಬಂದಿತೆಂದೂ, ಟಾಕಿಯು 50,000 ಲೀಟರು ಹಿಡಿಯುವುದೆಂದೂ ಇಟ್ಟುಕೊಂಡರೆ, ಬೇಕಾದ ಕ್ಲೋರಿನ್ 100 ಗ್ರಾಂ. ಪುಡಿಯಲ್ಲಿ ನೂರಕ್ಕೆ 30 ಭಾಗ ಸತ್ವವಿದ್ದರೆ ಸುಮಾರು 333 ಗ್ರಾಂ ಪುಡಿ ಹಿಡಿಯುತ್ತದೆ. ಅದೇ ಪುಡಿಯು ಹಳತಾಗಿ, ಗಾಳಿ ತೇವಗಳಿಗೆ ಸಿಕ್ಕಿ, ಸತ್ವವು 15 ಭಾಗಕ್ಕೆ ಇಳಿದಿದ್ದರೆ ಇಮ್ಮಡಿ, ಎಂದರೆ 667 ಗ್ರಾಂ ಬೇಕು. ಚೀಲದ ಮೇಲೆ ಅಚ್ಚಾದ ಅಂಕಿಯು ಕಾರ್ಖಾನೆಯಿಂದ ಹೊರಟ ದಿನದ ಮಾತು. ಪಂಚಾಯತಿಯ ಕೋಣೆಯ ಮೂಲೆಯಲ್ಲಿ ಬಾಯಿ ಬಿಚ್ಚಿದ ಚೀಲವು ಒಂದು ಮಳೆಗಾಲವನ್ನು ಕಳೆದ ಮೇಲೆ ಆ ಅಂಕಿಗೂ ಪುಡಿಗೂ ಸಂಬಂಧವಿರುವುದಿಲ್ಲ. ಖಾನಾಪುರದ ಸೀಮೆಯಲ್ಲಿ ಮಳೆಗಾಲದ ಗಾಳಿಯೇ ನೀರಾಗಿರುವುದರಿಂದ ಈ ಎಚ್ಚರಿಕೆಯು ಇಲ್ಲಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಅಗ್ಗವಾಯಿತೆಂದು ವರ್ಷದ ಪುಡಿಯನ್ನು ಒಮ್ಮೆಗೇ ಕೊಳ್ಳುವ ಪಂಚಾಯತಿಯು ಅರ್ಧ ಹಣವನ್ನು ಸುಣ್ಣಕ್ಕೆ ತೆತ್ತಂತಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ತರಿಸಿ, ಬಿಗಿಯಾದ ಮುಚ್ಚಳವುಳ್ಳ ಪ್ಲಾಸ್ಟಿಕ್ ಡಬ್ಬಿಗಳಲ್ಲಿ, ಬೆಳಕು ಬೀಳದ ತಂಪಾದ ಒಣಜಾಗದಲ್ಲಿ ಇಡತಕ್ಕದ್ದು.

ಜಮೀನುದಾರರು ಇಲ್ಲಿ ಮತ್ತೊಂದು ಅಪಾಯವನ್ನು ಗಮನಿಸಬೇಕು. ಬ್ಲೀಚಿಂಗ್ ಪುಡಿಯನ್ನು ಯೂರಿಯಾ, ಅಮೋನಿಯಂ ಸಲ್ಫೇಟು ಮೊದಲಾದ ಗೊಬ್ಬರಗಳೊಡನೆಯಾಗಲಿ, ಸೀಮೆಎಣ್ಣೆ, ಡೀಸೆಲ್, ಆಮ್ಲ, ಕೀಟನಾಶಕಗಳೊಡನೆಯಾಗಲಿ ಒಂದೇ ಕೋಣೆಯಲ್ಲಿ ಇಡಕೂಡದು. ಆಮ್ಲವು ತಾಕಿದರೆ ವಿಷವಾಯುವು ಏಳುತ್ತದೆ. ಗೊಬ್ಬರವು ಬೆರೆತರೆ ಸಿಡಿಯತಕ್ಕ ಪದಾರ್ಥಗಳು ಹುಟ್ಟಬಹುದು. ಎಣ್ಣೆಯು ಬೆರೆತರೆ ತಾನೇ ಬೆಂಕಿ ಹೊತ್ತಿಕೊಳ್ಳಬಹುದು. ಸಹಕಾರಿ ಸಂಘದ ಗೊಬ್ಬರದ ಗೋದಾಮಿನಲ್ಲಿ ಜಾಗವಿದೆಯೆಂದು ನೀರಿನ ಪುಡಿಯನ್ನೂ ಅಲ್ಲಿಯೇ ಒಟ್ಟುವುದು ಅತ್ಯಂತ ಅವಿವೇಕವು.

ಪುಡಿಯನ್ನು ನೇರವಾಗಿ ಟಾಕಿಗೆ ಸುರಿಯುವುದೂ ತಪ್ಪು. ಅದರ ಸುಣ್ಣವು ತಳದಲ್ಲಿ ಕೂತು ಕವಾಟಗಳನ್ನು ಕಟ್ಟುತ್ತದೆ. ಮೊದಲು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಡನೆ ಹಿಟ್ಟಿನಂತೆ ಕಲಸಿ, ಮತ್ತೆ ನೀರು ಬೆರೆಸಿ, ಹತ್ತು ನಿಮಿಷಕ್ಕಿಂತ ಕಡಮೆಯಿಲ್ಲದಂತೆ ಇಳಿಯಬಿಟ್ಟು, ತಿಳಿಯನ್ನು ಮಾತ್ರ ಉಪಯೋಗಿಸಬೇಕು. ಟಾಕಿಗೆ ನೀರು ಏರುತ್ತಿರುವಾಗಲೇ ಇದನ್ನು ಹಾಕಿದರೆ ಚೆನ್ನಾಗಿ ಬೆರೆಯುತ್ತದೆ. ಕಲಸುವವನು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ರಬ್ಬರಿನ ಚೀಲ ಹಾಕಿಕೊಂಡು, ಗಾಳಿಯ ಕಡೆಗೆ ಬೆನ್ನುಮಾಡಿ ನಿಲ್ಲಬೇಕು. ಟಾಕಿಯು ತುಂಬಿದ ಮೇಲೆ ಅರ್ಧ ಗಂಟೆಯ ಕಾಲ ಕವಾಟವನ್ನು ತೆರೆಯಬಾರದು. ಕ್ಲೋರಿನ್ ಕ್ರಿಮಿಯನ್ನು ಮುಟ್ಟಿದೊಡನೆಯೇ ಕೊಲ್ಲುವ ಮಂತ್ರವಲ್ಲ, ಅದಕ್ಕೆ ಹೊತ್ತು ಬೇಕು. ಕರೆಂಟು ಬಂದಾಗ ನೀರೇರಿಸಿ ಆ ಕ್ಷಣವೇ ಊರಿಗೆ ಬಿಡುವ ರೂಢಿಯು ಎಷ್ಟು ಪುಡಿಯನ್ನು ಹಾಕಿದರೂ ಅದನ್ನು ವ್ಯರ್ಥಗೊಳಿಸುತ್ತದೆ.

ಕೆಂಪಾದ ನೀರಿಗೆ ಕ್ಲೋರಿನ್ ಹಾಕುವುದರಿಂದ ಪೂರ್ಣ ಪ್ರಯೋಜನವಾಗದು. ಮಣ್ಣಿನ ಕಣದ ಹಿಂದೆ ರೋಗಾಣುವು ಅಡಗಿ ಬದುಕಿಕೊಳ್ಳುತ್ತದೆ. ಅಂಥ ನೀರನ್ನು ಮೊದಲು ತಂಗಲುಬಿಟ್ಟು, ಬೇಕಾದರೆ ಪಟಿಕದಿಂದ ತಿಳಿಮಾಡಿ, ಮರಳಿನಲ್ಲಿ ಸೋಸಿದ ಮೇಲೆಯೇ ಕ್ಲೋರಿನ್ನಿನ ಕೆಲಸ. ನೀರಿನ ಫ್ಲೋರೈಡು, ನೈಟ್ರೇಟು, ಉಪ್ಪು ಇವುಗಳನ್ನು ಕ್ಲೋರಿನ್ ತೆಗೆಯುವುದಿಲ್ಲವೆಂಬುದೂ ತಿಳಿದಿರಲಿ.

ಇನ್ನು ಕೊಳವೆಗಳ ಸಂಗತಿ. ಹಗಲಿನಲ್ಲಿ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಊರುಗಳಲ್ಲಿ ಕವಾಟವನ್ನು ಮುಚ್ಚಿದೊಡನೆ ಕೊಳವೆಯೊಳಗಿನ ಒತ್ತಡವು ಇಳಿದು, ಸಡಿಲವಾದ ಕೂಡುಗಳ ಮೂಲಕ ಹೊರಗಿನ ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ಹೊರಗಿನ ನೀರೆಂದರೆ ಅನೇಕ ಕಡೆಗಳಲ್ಲಿ ಗಟಾರದ ನೀರು. ಮನೆಯ ನಳಕ್ಕೆ ಹೋಗುವ ಸಣ್ಣ ಕೊಳವೆಯು ಗಟಾರದೊಳಗೇ ಮುಳುಗಿ ಹಾದುಹೋಗಿರುವುದನ್ನು ಪ್ರತಿ ಓಣಿಯಲ್ಲಿಯೂ ನೋಡಬಹುದು. ನೀರು ಬಾರದೆಂದು ಅದಕ್ಕೆ ಮೋಟಾರು ಹಚ್ಚಿ ಎಳೆಯುವವರು ಗಟಾರವನ್ನು ಇನ್ನೂ ಹೆಚ್ಚಾಗಿ ಎಳೆಯುತ್ತಾರೆ. ಸ್ವಲ್ಪ ಹೊಲಸು ಸೇರಿದರೆ ಉಳಿಕೆ ಕ್ಲೋರಿನ್ ಅದನ್ನು ತಡೆದುಕೊಳ್ಳಬಲ್ಲುದು. ಗಟಾರವೇ ಬಂದು ಸೇರಿದರೆ ತಡೆಯಲಾರದು. ಕೂಡನ್ನು ದುರಸ್ತಿ ಮಾಡದೆ ಪುಡಿಯನ್ನು ಹೆಚ್ಚಿಸುತ್ತ ಹೋಗುವ ಪಂಚಾಯತಿಯು ಬೇಲಿಯಿಲ್ಲದ ಹೊಲಕ್ಕೆ ದಿನವೂ ಹೊಸ ಬೀಜವನ್ನು ಬಿತ್ತಿದಂತೆ. ಬಾವಿ, ಬೋರ್‌ವೆಲ್‌ಗಳ ಮೇಲ್ಗಡೆಯ ಇಳಿಜಾರಿನಲ್ಲಿ ತಿಪ್ಪೆ ಹಾಕಿರುವ ಜಮೀನುದಾರರು ಅದನ್ನು ಸ್ಥಳಾಂತರಿಸುವುದು ಹೀಗೆಯೇ ಅವಶ್ಯವಾದುದು. ಜಂಬಿಟ್ಟಿಗೆಯ ನೆಲವು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ತೂತುತೂತಾಗಿದ್ದು ಕೊಳೆಯನ್ನು ಬೇಗನೆ ಬಾವಿಗೆ ಮುಟ್ಟಿಸುತ್ತದೆ.

ಗ್ರಾಮಸ್ಥರು ಹೆಚ್ಚಾಗಿ ದೂರುವ ವಾಸನೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಔಷಧದ ಕಟುವಾಸನೆ ಬಂದರೆ ಕ್ಲೋರಿನ್ ಹೆಚ್ಚಾಯಿತೆಂದೇ ಎಲ್ಲರೂ ಹೇಳುವರು. ಆದರೆ ನೀರಿನಲ್ಲಿ ಗಂಜಲ, ಗೊಬ್ಬರ, ಗಟಾರಗಳ ಅಮೋನಿಯಾ ಸೇರಿದ್ದರೆ ಕ್ಲೋರಿನ್ ಅದರೊಡನೆ ಕೂಡಿ ಕ್ಲೋರಮೀನ್ ಎಂಬ ಪದಾರ್ಥವಾಗುತ್ತದೆ. ಕೆಟ್ಟ ವಾಸನೆಯು ಹಲವು ವೇಳೆ ಅದರದೇ. ಕೊಲ್ಲುವ ಶಕ್ತಿ ಅದಕ್ಕೆ ಬಹಳ ಕಡಮೆ. ಅಮೋನಿಯಾದ ಸಾರಜನಕದ ಒಂದು ಪಾಲಿಗೆ ತೂಕದಲ್ಲಿ ಎಂಟರಿಂದ ಹತ್ತು ಪಾಲು ಕ್ಲೋರಿನ್ ಬಿದ್ದ ಮೇಲೆಯೇ ಅದು ನಾಶವಾಗಿ ಸ್ವತಂತ್ರವಾದ ಕ್ಲೋರಿನ್ ಉಳಿಯುತ್ತದೆ. ಆದುದರಿಂದ ವಾಸನೆಯೆದ್ದಾಗ ಪುಡಿಯನ್ನು ನಿಲ್ಲಿಸುವ ಮೊದಲು ನೀರನ್ನು ಪರೀಕ್ಷಿಸಬೇಕು. ಅದು ಹೆಚ್ಚಾಗಿರುವುದರ ವಾಸನೆಯೋ, ಕಡಮೆಯಾಗಿರುವುದರ ವಾಸನೆಯೋ ಮೂಗಿಗೆ ತಿಳಿಯದು. ನಿಜವಾಗಿ ಹೆಚ್ಚಾಗಿದ್ದರೂ ಗಾಬರಿಗೊಳ್ಳಬೇಕಾದುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಜೀವಮಾನವೆಲ್ಲ ಕುಡಿಯುವುದಕ್ಕೂ ಲೀಟರಿಗೆ 5 ಮಿಲಿಗ್ರಾಂವರೆಗಿನ ಮಿತಿಯನ್ನು ಹೇಳಿದೆ. ಎಲೆಕಸಗಳಿರುವ ನೀರಿನಲ್ಲಿ ಕ್ಲೋರಿನ್ನಿನಿಂದ ಕೆಲವು ಅನಿಷ್ಟ ಪದಾರ್ಥಗಳು ಹುಟ್ಟುವುದುಂಟು. ಆದರೆ ಆ ಶಂಕೆಯಿಂದ ಶುದ್ಧೀಕರಣವನ್ನೇ ಬಿಟ್ಟುಬಿಡುವುದು ಅದಕ್ಕಿಂತ ಎಷ್ಟೋ ದೊಡ್ಡ ಅಪಾಯವೆಂದು ಅದೇ ಸಂಸ್ಥೆಯು ಸ್ಪಷ್ಟಪಡಿಸಿದೆ. ರುಚಿ ಒಗ್ಗದವರು ಮಣ್ಣಿನ ಕೊಡದಲ್ಲಿ ನೀರನ್ನು ತುಂಬಿ, ಬಟ್ಟೆ ಮುಚ್ಚಿ ಕೆಲವು ಗಂಟೆ ಇಟ್ಟರೆ ವಾಸನೆಯು ತಗ್ಗುತ್ತದೆ.

ಪರೀಕ್ಷೆಯು ಎರಡು ನಿಮಿಷದ ಕೆಲಸ. ಸಣ್ಣ ಗಾಜಿನ ಕೊಳವೆಗೆ ನಳದ ನೀರನ್ನು ತುಂಬಿ, ಡಿ.ಪಿ.ಡಿ. ಎಂಬ ಗುಳಿಗೆಯನ್ನು ಹಾಕಿದರೆ ನೀರು ಗುಲಾಬಿಯ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣವನ್ನು ಪೆಟ್ಟಿಗೆಯೊಳಗಿನ ಬಣ್ಣದ ಪಟ್ಟಿಯೊಡನೆ ಕೂಡಲೇ ಹೋಲಿಸಿ ನೋಡಬೇಕು. ಹಳದಿ ಬಣ್ಣ ಕೊಡುವ ಆರ್ಥೊಟಾಲಿಡಿನ್ ದ್ರವವು ಇನ್ನೂ ಕೆಲವು ಪೆಟ್ಟಿಗೆಗಳಲ್ಲಿರುವುದುಂಟು. ಅದು ವಿಷವಸ್ತುವಾದುದರಿಂದ ಡಿ.ಪಿ.ಡಿ.ಯೇ ಲೇಸು. ಕ್ಲೋರಿನ್ ಅತಿಯಾಗಿದ್ದರೆ ಅದು ಗುಳಿಗೆಯ ಬಣ್ಣವನ್ನೇ ಅಳಿಸಿ, ಏನೂ ಇಲ್ಲವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಕಟುವಾಸನೆಯಿದ್ದು ಬಣ್ಣ ಬಾರದಿದ್ದರೆ ಕ್ಲೋರಿನ್ನಿಲ್ಲದ ಶುದ್ಧ ನೀರನ್ನು ಬೆರೆಸಿ ಮತ್ತೊಮ್ಮೆ ನೋಡತಕ್ಕದ್ದು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಶಿಕ್ಷಣವನ್ನು ಕೊಡುವ ಏರ್ಪಾಡಿದೆ. ಪೆಟ್ಟಿಗೆಯನ್ನು ಕಪಾಟಿನಲ್ಲಿ ಬೀಗಹಾಕಿ ಇಡದೆ ಅವರ ಕೈಗೆ ಕೊಡುವುದು ಮುಖಂಡರ ಕರ್ತವ್ಯ. ಮನೆಗೆ ನೀರು ಹಿಡಿಯುವವರು ಅವರೇ ಆಗಿರುವುದರಿಂದ ಯಾವ ನಳವು ಯಾವಾಗ ಬರುತ್ತದೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಟಾಕಿಯ ಹತ್ತಿರ ಒಂದು, ಊರ ನಡುವೆ ಒಂದು, ಎಲ್ಲಕ್ಕಿಂತ ದೂರದ ಕೇರಿಯಲ್ಲಿ ಒಂದು, ಹೀಗೆ ಮೂರು ನಳಗಳನ್ನು ಗೊತ್ತುಮಾಡಿ, ದಿನವೂ ನೋಡಿ, ತಾರೀಖು, ಹಾಕಿದ ಪುಡಿ, ಕಂಡ ಉಳಿಕೆ ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಮೂರನೆಯ ನಳದ ಅಂಕಿಯೇ ಪುಸ್ತಕದ ಜೀವ. ನೀರುಗಂಟಿಯನ್ನು ಆ ಅಂಕಿಯ ಮೇಲೆ ಕೇಳಬೇಕೇ ಹೊರತು ಎಷ್ಟು ಪುಡಿ ಸುರಿದನೆಂಬುದರ ಮೇಲೆ ಅಲ್ಲ.

ನಂದಗಡಕ್ಕೆ ಇದರಲ್ಲಿ ವಿಶೇಷ ಹೊಣೆಯುಂಟು. ಸಂಗೊಳ್ಳಿ ರಾಯಣ್ಣನು 1831ನೆಯ ಇಸವಿಯ ಜನವರಿ 26ರಂದು ಇಲ್ಲಿಯೇ ಗಲ್ಲಿಗೇರಿಸಲ್ಪಟ್ಟುದರಿಂದ, ಅವನ ಸಮಾಧಿಯ ದರ್ಶನಕ್ಕಾಗಿ ದೂರದೂರದ ಜನರು ಬರುತ್ತಾರೆ. ಜನಸಂದಣಿಯ ದಿನಗಳಲ್ಲಿ ಟಾಕಿಯು ಮತ್ತೆ ಮತ್ತೆ ಬರಿದಾಗಿ ಮತ್ತೆ ಮತ್ತೆ ತುಂಬಬೇಕಾಗುತ್ತದೆ. ಮುಂಜಾನೆ ಹಾಕಿದ ಪುಡಿಯು ಮುಂಜಾನೆಯ ನೀರಿಗಷ್ಟೇ ಸೇರಿತು. ಪ್ರತಿ ಸಲ ತುಂಬಿದಾಗಲೂ ಹೊಸದಾಗಿ ಅಳೆದು ಹಾಕಬೇಕು, ಅರ್ಧ ಗಂಟೆಯನ್ನು ಬಿಡಲೇಬೇಕು. ಗಡಿಬಿಡಿಯಲ್ಲಿ ಮೊದಲು ತಪ್ಪಿಹೋಗುವುದು ಈ ಅರ್ಧ ಗಂಟೆಯೇ. ಬಾಡಿಗೆಯ ಟ್ಯಾಂಕರುಗಳಿಂದ ತಂದ ನೀರಿಗೂ ಇದೇ ನಿಯಮ. ಬಂದ ಅತಿಥಿಗಳು ರೋಗವನ್ನು ಹೊತ್ತುಕೊಂಡು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದರೆ ನಂದಗಡದ ಹೆಸರಿಗೆ ಶೋಭೆಯಲ್ಲ.

ಕೊಳವೆ ತಲಪದ ಮನೆಗಳಲ್ಲಿ ಇನ್ನೂ ಸೇದುವ ಬಾವಿಗಳುಂಟು. ದುಂಡು ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಕೊನೆಗೆ 785ರಿಂದ ಗುಣಿಸಿದರೆ ಲೀಟರುಗಳ ಲೆಕ್ಕ ದೊರೆಯುತ್ತದೆ. 3 ಮೀಟರು ಅಗಲ, 4 ಮೀಟರು ನೀರು ಇರುವ ಬಾವಿಯಲ್ಲಿ 28,260 ಲೀಟರು ಇರುತ್ತದೆ. ಸಾವಿರ ಲೀಟರಿಗೆ 2.5 ಗ್ರಾಂನಂತೆ ಸುಮಾರು 70 ಗ್ರಾಂ ಪುಡಿಯ ತಿಳಿಯನ್ನು ಸಂಜೆಯ ಸೇದುವಿಕೆ ಮುಗಿದ ಮೇಲೆ ಬಕೆಟ್ಟಿನಲ್ಲಿ ಇಳಿಬಿಟ್ಟು, ಮೇಲೆ ಕೆಳಗೆ ಆಡಿಸಿ ಬೆರೆಸಿದರೆ ಬೆಳಗಿನ ಹೊತ್ತಿಗೆ ನೀರು ಸಿದ್ಧವಾಗಿರುತ್ತದೆ. ಉಳಿಕೆ ಸಾಲದೆ ಹೋದರೆ ಮರುದಿನ ಹೆಚ್ಚಿಸಬೇಕು.

ದಿನವೂ ಹಾಕಲಾರದ ಸಣ್ಣ ಬಾವಿಗಳಿಗೆ ನಾಗಪುರದ ನೀರಿ ಸಂಸ್ಥೆಯವರು ರೂಪಿಸಿದ ಜೋಡಿಗಡಿಗೆಯ ಉಪಾಯವು ತಕ್ಕುದು. 1 ಕಿಲೋ ಪುಡಿಯನ್ನು 2 ಕಿಲೋ ದಪ್ಪ ಮರಳಿನೊಡನೆ ಸ್ವಲ್ಪ ತೇವಮಾಡಿ ಬೆರೆಸಿ ಒಳಗಿನ ಗಡಿಗೆಗೆ ತುಂಬುವುದು. ಆ ಗಡಿಗೆಗೆ ಮಿಶ್ರಣದ ಮಟ್ಟಕ್ಕಿಂತ ಮೇಲೆ ಒಂದು ಸೆಂಟಿಮೀಟರಿನ ತೂತಿರಬೇಕು. ಅದನ್ನು ತಳದ ಸಮೀಪದಲ್ಲಿ ತೂತುಳ್ಳ ದೊಡ್ಡ ಗಡಿಗೆಯೊಳಗಿಟ್ಟು, ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು, ಹಗ್ಗದಿಂದ ನೀರಿನ ಮಟ್ಟದ ಕೆಳಗೆ ಒಂದು ಮೀಟರು ಇಳಿಬಿಟ್ಟರೆ ಕ್ಲೋರಿನ್ ಮೆಲ್ಲಮೆಲ್ಲನೆ ಸೋರಿ, ಸುಮಾರು 4,500 ಲೀಟರಿನ ಮನೆಬಾವಿಗೆ ಎರಡು ಮೂರು ವಾರಗಳ ಕಾಲ ಸಾಕಾಗುತ್ತದೆ. ಗಡಿಗೆಗಳಿಗಾಗಿ ದೂರ ಹೋಗಬೇಕಾದುದಿಲ್ಲ. ಕುಂಬಾರಿಕೆಯನ್ನು ಕಲಿಸುವ ಸಂಸ್ಥೆಯೇ ಇರುವ ಖಾನಾಪುರವು ಪಕ್ಕದಲ್ಲಿದೆ. ಮೀನುಗಳಿರುವ ಕೆರೆಕುಂಟೆಗಳಿಗೆ ಮಾತ್ರ ಈ ಪುಡಿಯನ್ನು ಎಂದಿಗೂ ಸುರಿಯಬಾರದು.

ಕೊನೆಯ ಕೇರಿಯ ನಳದಲ್ಲಿ ಬಣ್ಣವೇ ಬಾರದ ದಿನದಲ್ಲಿ ಮಾಡತಕ್ಕದ್ದೇನೆಂಬುದನ್ನು ಮೊದಲೇ ಗೊತ್ತುಮಾಡಿಟ್ಟಿರಬೇಕು. ಆ ದಿನ ನೀರುಗಂಟಿಯು ಮೊದಲು ಟಾಕಿಯ ನೀರನ್ನು ನೋಡಲಿ. ಅಲ್ಲಿಯೂ ಇಲ್ಲದಿದ್ದರೆ ಪುಡಿಯು ಸತ್ವಗೆಟ್ಟಿದೆ ಅಥವಾ ಅಳತೆ ಸಾಲದು. ಅಲ್ಲಿದ್ದು ಇಲ್ಲಿಲ್ಲದಿದ್ದರೆ ನಡುವೆ ಎಲ್ಲಿಯೋ ಕೂಡು ಬಿಟ್ಟಿದೆ, ಆ ದಾರಿಯ ಗಟಾರಗಳನ್ನು ಹುಡುಕಬೇಕು. ಅಷ್ಟರೊಳಗೆ ಡಂಗುರ ಹೊಡೆಸಿಯೋ ಧ್ವನಿವರ್ಧಕದಿಂದಲೋ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮನೆಮನೆಗೆ ತಿಳಿಸಿ, ನೀರನ್ನು ಕುದಿಬರುವಂತೆ ಕಾಯಿಸಿ ಆರಿಸಿಯೇ ಕುಡಿಯಬೇಕೆಂದು ಹೇಳಬೇಕು. ಭೇದಿ ಆರಂಭವಾದ ಮನೆಯಿದ್ದರೆ ರೋಗಿಗೆ ಓ.ಆರ್.ಎಸ್. ನೀರನ್ನು ಕೂಡಲೇ ಕುಡಿಸತೊಡಗಿ, ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅದೇ ದಿನ ಸುದ್ದಿ ಮುಟ್ಟಿಸತಕ್ಕದ್ದು. ದುರಸ್ತಿಯಾದ ಕೊಳವೆಯ ಮೊದಲ ನೀರನ್ನು ಚೆಲ್ಲಿಬಿಟ್ಟು, ಅದೇ ಮೂರನೆಯ ನಳದಲ್ಲಿ ಗುಲಾಬಿ ಬಣ್ಣವು ಕಂಡ ಮೇಲೆಯೇ ಕುದಿಸುವುದನ್ನು ನಿಲ್ಲಿಸಬಹುದೆಂದು ಸಾರತಕ್ಕದ್ದು.